ಹೆಬ್ಬೆಟ್ಟಿಗಾಗಿ ಹೂಡಿದ ಹಗೆ

2023ರ ಸೆಪ್ಟೆಂಬರ್ 8ರಂದು ಚೆನ್ನೈನ ಸ್ಟುಡಿಯೊವೊಂದರಲ್ಲಿ ತಮ್ಮ ಪಾತ್ರಕ್ಕೆ ಡಬ್ಬಿಂಗ್ ಮಾಡುತ್ತಿದ್ದಾಗಲೇ ನಟ ಮಾರಿಮುತ್ತು ಅವರಿಗೆ ಹೃದಯಾಘಾತವಾಯಿತು. ಕವಿ ವೈರಮುತ್ತು ಅವರ ಬಳಿ ಸಹಾಯಕರಾಗಿದ್ದವರು, ಹಲವು ನಿರ್ದೇಶಕರ ಕೈಕೆಳಗೆ ಪಳಗಿದವರು, ‘ಕಣ್ಣುಂ ಕಣ್ಣುಂ’ ಮತ್ತು ‘ಪುಲಿವಾಲ್’ ಚಿತ್ರಗಳನ್ನು ತಾವೇ ನಿರ್ದೇಶಿಸಿದವರು. ಅವರು ತೀರಿಕೊಂಡ ದಿನ ತಮಿಳುನಾಡಿನ ಮನೆಮನೆಗಳಲ್ಲಿ ಜನ ನೆನೆದದ್ದು ಇದ್ಯಾವುದನ್ನೂ ಅಲ್ಲ. ಸನ್ ಟಿವಿಯ ‘ಎದಿರ್‌ನೀಚ್ಚಲ್’ ಧಾರಾವಾಹಿಯಲ್ಲಿ ಮನೆಯ ಹೆಂಗಸರನ್ನೆಲ್ಲ ಗೋಳು ಹುಯ್ದುಕೊಂಡ ಆದಿ ಗುಣಶೇಖರನ್ ಎಂಬ ಯಜಮಾನನನ್ನು. ಅವನ ‘ಏಯ್ ಇಂದಾಮ್ಮಾ’ ಎಂಬ ಗದರಿಕೆ ಮೊಬೈಲಿನಿಂದ ಮೊಬೈಲಿಗೆ ಹಾರಿ ಮಕ್ಕಳ ಬಾಯಲ್ಲೂ ನೆಲೆಸಿತ್ತು. ರಾತ್ರಿ ಒಂಬತ್ತೂವರೆಗೆ ಯಾರನ್ನು ಬಯ್ಯುತ್ತಿದ್ದರೋ ಅವನಿಗಾಗಿಯೇ ಜನ ಕಣ್ಣೀರು ಹಾಕಿದರು.

ನಟನ ಮೇಲಿನ ಪ್ರೀತಿ ಎಂದು ಇದನ್ನು ಪಕ್ಕಕ್ಕಿಟ್ಟುಬಿಡಬಹುದು. ಆದರೆ ನಮ್ಮ ಕಾಲದ ಅತಿ ದೊಡ್ಡ ಕಥನ ಪ್ರಕಾರದ ಬಗ್ಗೆ, ಅದು ಯಾರ ಪರವಾಗಿ ಮಾತಾಡುತ್ತದೆ ಎನ್ನುವ ಬಗ್ಗೆ, ಯೋಚಿಸಲೇಬೇಕಾದ ಸಂಗತಿ ಇದರಲ್ಲಿದೆ. ಸಾಹಿತ್ಯ ಪತ್ರಿಕೆಯೊಂದರ ಮೊದಲ ಪುಟದಲ್ಲಿ ಮೆಗಾ ಧಾರಾವಾಹಿಯ ಮಾತೇಕೆ ಎಂದು ಹುಬ್ಬೇರಿಸುವವರು ಒಂದೆರಡು ಪುಟ ತಾಳ್ಮೆಯಿಂದ ಜೊತೆಗೆ ಬರಬೇಕು.

ತಿರುಸೆಲ್ವಂ ನಿರ್ದೇಶನದ ‘ಎದಿರ್‌ನೀಚ್ಚಲ್’ 2022ರ ಫೆಬ್ರವರಿಯಲ್ಲಿ ಶುರುವಾಗಿ 2024ರ ಜೂನ್‌ವರೆಗೆ ನಡೆಯಿತು. ಮದುರೈ ಸೀಮೆಯ ಸಿರಿವಂತ ಕೂಡುಕುಟುಂಬ. ಹಿರಿಯ ಗುಣಶೇಖರನ್, ಅವನ ಮಾತು ಮೀರದ ತಮ್ಮಂದಿರು ಜ್ಞಾನಂ, ಕದಿರ್, ಶಕ್ತಿ. ಅವರ ಹೆಂಡಂದಿರು ಈಶ್ವರಿ, ರೇಣುಕಾ, ನಂದಿನಿ, ಜನನಿ. ಓದಿದ ಹೆಣ್ಣನ್ನೇ ತಂದಿದ್ದೇವೆ ಎಂದು ಊರಿಗೆ ಹೇಳಿಕೊಳ್ಳುವುದಕ್ಕೆ ಅವರ ಓದು ಬೇಕು. ಹೊಸ್ತಿಲು ದಾಟಿ ದುಡಿಯುವುದಕ್ಕೆ ಬೇಡ. ಎದುರಾಳಿ ಮನೆಯ ಹುಡುಗನನ್ನು ಮೆಚ್ಚಿದ ತಂಗಿ ಆದಿರೈ ಯಾರನ್ನು ಮದುವೆಯಾಗಬೇಕು ಎನ್ನುವುದೂ ಅಣ್ಣನ ಹಟದ, ಲೆಕ್ಕಾಚಾರದ ವಿಷಯ. ಕಿರಿಯ ಸೊಸೆ ಜನನಿ ಈ ಕಟ್ಟಿಗೆ ಎದುರು ಈಜತೊಡಗುತ್ತಾಳೆ. ಮುಂದಿನದೆಲ್ಲ ಅವಮಾನ, ಪ್ರತಿಜ್ಞೆ, ಸೇಡು, ಸೇಡಿಗೆ ಪ್ರತಿಸೇಡು.

ಹೀಗೆ ಹೇಳಿದರೆ ಎಲ್ಲ ಧಾರಾವಾಹಿಗಳ ಕಥೆಯೂ ಒಂದೇ ಎನಿಸುತ್ತದೆ. ಆದರೆ ಈ ಹಗೆಯ ಬೇರು ಯಾವುದರಲ್ಲಿದೆ ಎಂದು ಕೇಳಿನೋಡಿ. ಮನೆಯಲ್ಲಿ ಪಟ್ಟಮ್ಮಾಳ್ ಎಂಬ ಮುದುಕಿಯಿದ್ದಾಳೆ, ಎಲ್ಲರ ಬಾಯಲ್ಲೂ ಅಪ್ಪತ್ತಾ. ರಂಗಭೂಮಿಯಿಂದ ಬಂದ ಬಾಂಬೆ ಜ್ಞಾನಂ ಈ ಪಾತ್ರವನ್ನು ದನಿಯೇರಿಸದೆ ಆಡಿದ್ದಾರೆ. ಆಸ್ತಿಯಲ್ಲಿ ನೂರಕ್ಕೆ 40ರ ಪಾಲು ಈ ಮುದುಕಿಯದು. ಮನೆಯೆಲ್ಲ ತನ್ನದೆಂದು ಮೆರೆಯುವ ಗುಣಶೇಖರನ್ ಅವಳ ಸಹಿಯಿಲ್ಲದೆ ಒಂದಡಿ ನೆಲವನ್ನೂ ಪೂರ್ತಿ ತನ್ನದೆನ್ನುವಂತಿಲ್ಲ. ಓಲೈಕೆ, ಬೆದರಿಕೆ, ಕಪಟ ಎಲ್ಲವೂ ಕೊನೆಗೆ ಒಂದು ಹೆಬ್ಬೆಟ್ಟಿನ ಗುರುತಿಗಾಗಿ. ಆ ಪಾಲು ಮನೆಯಾಚೆಯ ಜೀವಾನಂದಂ ಎಂಬವನ ಹೆಸರಿಗೆ ಹೋಯಿತೆಂದು ತಿಳಿದ ಗಳಿಗೆಯಲ್ಲಿ ಇಡೀ ಕಥೆ ಮಗ್ಗುಲು ಬದಲಿಸಿತು. ನಿರ್ದೇಶಕ ತಿರುಸೆಲ್ವಂ ಅವರೇ ಆ ಪಾತ್ರ ಮಾಡಿದ್ದರು. ಅವರ ಹಿಂದಿನ ‘ಕೋಲಂಗಳ್’ (2003–2009) ಕೂಡ ಇದೇ ನೆಲದ ಮೇಲೆ ನಿಂತಿತ್ತು. ದೇವಯಾನಿ ನಟಿಸಿದ ಅಭಿಗೂ ಅವಳ ತಂದೆಯ ಇನ್ನೊಂದು ಸಂಸಾರದ ಮಗ ಆದಿತ್ಯನಿಗೂ ನಡೆದ, ಸಾವಿರದ ಐನೂರು ಕಂತು ದಾಟಿದ ಹೋರಾಟದ ತಳದಲ್ಲಿ ಇದ್ದದ್ದು ಮನೆತನದಲ್ಲಿ ಯಾರಿಗೆ ಹಕ್ಕು ಎಂಬ ಪ್ರಶ್ನೆಯೇ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ತಮಿಳುನಾಡು 1989ರಲ್ಲೇ ತಂದಿತು. ಕರ್ನಾಟಕದಲ್ಲಿ ಅಂಥದೇ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ತಂದೆ ಆ ಹೊತ್ತಿಗೆ ಬದುಕಿರಲೇಬೇಕೆ ಎಂಬ ಗೊಂದಲ ಸುಪ್ರೀಂ ಕೋರ್ಟಿನಲ್ಲಿ ಬಗೆಹರಿಯಲು 2020ರವರೆಗೆ ಕಾಯಬೇಕಾಯಿತು. ಕಾನೂನು ಹೀಗೆ ಮುಂದೆ ನಡೆದರೂ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಣ್ಣಂದಿರು ತೋರಿಸಿದ ಕಡೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಸಿನ ಕುಂಕುಮಕ್ಕೆ ಒಂದು ಸೀರೆ ಪಡೆದು ಬರುವ ಹೆಣ್ಣುಮಕ್ಕಳು ನಮ್ಮ ಕಡೆಯೂ ಇದ್ದಾರೆ, ಆ ಕಡೆಯೂ ಇದ್ದಾರೆ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಅಂಜಿಕೆ. ಈ ಅಂಜಿಕೆಯ ಬಗ್ಗೆ ವಿಧಾನಸಭೆಯಲ್ಲಿ ಚರ್ಚೆಯಿಲ್ಲ, ಕಾದಂಬರಿಗಳಲ್ಲೂ ಅದು ಬರುವುದು ಅಪರೂಪ. ಧಾರಾವಾಹಿ ಮಾತ್ರ ಪ್ರತಿ ರಾತ್ರಿ ಅದನ್ನೇ ಆಡುತ್ತದೆ. ದಸ್ತಾವೇಜಿನ ಜಗಳಕ್ಕೆ ಹಗೆಯ ವೇಷ ತೊಡಿಸಿ, ತಮಟೆ ಬಾರಿಸಿ, ಒಂದೇ ಮುಖವನ್ನು ಮೂರು ಕಡೆಯಿಂದ ತೋರಿಸಿ ಆಡುತ್ತದೆ. ನೋಡುವ ಹೆಂಗಸರಿಗೆ ವೇಷದೊಳಗಿನ ವಸ್ತು ಯಾವುದೆಂದು ಗೊತ್ತು.

ಈ ಧಾರಾವಾಹಿಯ ಅತ್ಯುತ್ತಮ ಭಾಗಗಳು ಅಡುಗೆಮನೆಯಲ್ಲಿವೆ. ಹಜಾರದಲ್ಲಿ ಗುಣಶೇಖರನ್ ಸೋಫಾದ ಮೇಲೆ, ತಮ್ಮಂದಿರು ಅವನ ಸುತ್ತ. ಅಲ್ಲಿ ಸೊಸೆಯಂದಿರಿಗೆ ಮಾತಿಲ್ಲ. ಒಳಗೆ ಬಂದೊಡನೆ ನಾಲಿಗೆಗೆ ಜೀವ ಬರುತ್ತದೆ. ತರಕಾರಿ ಹೆಚ್ಚುತ್ತ, ಪಾತ್ರೆ ಸರಿಸುತ್ತ ಗಂಡಸರ ನಡೆ, ನುಡಿ, ಗತ್ತು ಎಲ್ಲವನ್ನೂ ಅಣಕಿಸಿ ನಗುತ್ತಾರೆ. ಮುಂದಿನ ಹೆಜ್ಜೆ ಏನೆಂದು ಪಿಸುದನಿಯಲ್ಲಿ ಗೊತ್ತುಮಾಡುತ್ತಾರೆ. ಓರಗಿತ್ತಿಯರೆಂದರೆ ಒಬ್ಬರ ಕಾಲು ಒಬ್ಬರು ಎಳೆಯುವವರು ಎಂದೇ ತೋರಿಸುತ್ತ ಬಂದ ಧಾರಾವಾಹಿ ಲೋಕದಲ್ಲಿ, ನಾಲ್ವರು ಓರಗಿತ್ತಿಯರು ಒಂದೇ ಕಡೆ ನಿಂತದ್ದು ಸಣ್ಣ ಬದಲಾವಣೆಯಲ್ಲ. ಸನ್ ಟಿವಿಯದೇ ‘ದೈವಮಗಳ್’ (2013–2018) ನೆನಪಿರುವವರಿಗೆ ಈ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಲ್ಲಿ ಅತ್ತಿಗೆ ಗಾಯತ್ರಿಯೇ ಮನೆಮುರುಕಿ. ಆ ‘ಅಣ್ಣಿಯಾರ್’ ಪಾತ್ರವನ್ನು ತಮಿಳರು ಮರೆಯದ ಹಾಗೆ ಮಾಡಿದವರು ನಮ್ಮ ಬೆಂಗಳೂರಿನ ರೇಖಾ ಕೃಷ್ಣಪ್ಪ. ‘ಎದಿರ್‌ನೀಚ್ಚಲ್’ನ ಜನನಿ, ಮಧುಮಿತಾ ಕೂಡ ಕನ್ನಡದ ಹುಡುಗಿಯೇ. ಉದಯ ಟಿವಿ ಈ ಕಥೆಯನ್ನು ‘ಜನನಿ’ ಎಂಬ ಹೆಸರಿನಲ್ಲಿ ಕನ್ನಡಕ್ಕೂ ತಂದಿತು. ಕಾವೇರಿ ನೀರಿಗೆ ಜಗಳವಾಡುವ ಎರಡು ರಾಜ್ಯಗಳ ನಡುವೆ ಅತ್ತೆ, ಸೊಸೆ, ಅತ್ತಿಗೆಯರ ಓಡಾಟಕ್ಕೆ ತಡೆಯಿಲ್ಲ.

ಇಷ್ಟೆಲ್ಲ ಇದ್ದೂ ಗುಣಶೇಖರನ್ ಜನರಿಗೆ ಪ್ರಿಯನಾದದ್ದು ಹೇಗೆ? ತಮಿಳು ರಂಗಭೂಮಿಗೆ ಇದು ಹೊಸತಲ್ಲ. ಎಂ.ಆರ್. ರಾಧಾ ನಾಟಕವಾಗಿ ಊರೂರಿಗೆ ಒಯ್ದು, 1954ರಲ್ಲಿ ಸಿನಿಮಾದಲ್ಲೂ ನಟಿಸಿದ ‘ರತ್ತ ಕಣ್ಣೀರ್’ನ ನಾಯಕ ಹೆಂಡತಿಯನ್ನು ತುಚ್ಛವಾಗಿ ಕಂಡವನು, ತಾಯಿಯನ್ನೂ ಬಿಡದವನು. ಆದರೂ ಜನ ಹೋಗುತ್ತಿದ್ದದ್ದು ಅವನ ಮಾತು ಕೇಳಲು. 2003ರಲ್ಲಿ ಉಪೇಂದ್ರ ಅದನ್ನು ಕನ್ನಡದಲ್ಲಿ ಆಡಿದಾಗ ಇಲ್ಲೂ ಸಿಳ್ಳೆ ಬಿದ್ದದ್ದು ಅವೇ ಮಾತುಗಳಿಗೆ. ಕೇಡಿಗನ ಬಾಯಿಗೆ ಒಳ್ಳೆಯ ಮಾತು ಕೊಡುವುದು ನಾಟಕದ ಹಳೆಯ ಜಾಣ್ಮೆ. ಆದರೆ ಎರಡೂವರೆ ಗಂಟೆಯ ನಾಟಕದಲ್ಲಿ ಆ ಮಾತಿಗೆ ಬೆಲೆ ತೆರುವ ಹೊತ್ತು ಬಂದೇ ಬರುತ್ತದೆ. ರಾಧಾ ಅವರ ನಾಯಕ ಕುಷ್ಠ ಹಿಡಿದು ಬೀದಿಗೆ ಬೀಳುತ್ತಾನೆ. ನಕ್ಕವರು ಅದೇ ಕುರ್ಚಿಯಲ್ಲಿ ಕುಳಿತು ಅದನ್ನೂ ನೋಡಬೇಕು.

ದಿನವಹಿ ಧಾರಾವಾಹಿಗೆ ಈ ಸೌಕರ್ಯವಿಲ್ಲ. ಗುಣಶೇಖರನ್ ಸೋತರೆ, ಸೊಸೆಯಂದಿರು ಹೊಸ್ತಿಲು ದಾಟಿ ತಮ್ಮ ದಾರಿ ಹಿಡಿದರೆ, ಮರುದಿನದ ಕಂತಿಗೆ ಕಥೆಯೆಲ್ಲಿ? ಹಾಗಾಗಿ ಅವರು ದಾಟುತ್ತಾರೆ, ಮತ್ತೆ ಒಳಗೆ ಬರುತ್ತಾರೆ. ಗೆಲ್ಲುತ್ತಾರೆ, ಮರುವಾರ ಗೆಲುವು ಕೈತಪ್ಪುತ್ತದೆ. ವಾರಕ್ಕೊಮ್ಮೆ ಟಿಆರ್‌ಪಿ ಪಟ್ಟಿ ಬರುತ್ತದೆ, ಜಾಹೀರಾತಿನ ದರ ಅದನ್ನು ನೋಡಿಕೊಂಡು ನಡೆಯುತ್ತದೆ. ಮನೆ ಒಡೆಯುವಂತೆ ಕಾಣಬೇಕು, ಒಡೆಯಬಾರದು. ಹೆಣ್ಣಿನ ಬಿಡುಗಡೆಯ ಕಥೆಯನ್ನು ಹೇಳಲು ಹೊರಟ ಪ್ರಕಾರಕ್ಕೆ ಅವಳು ಒಳಗೇ ಇರುವುದರಲ್ಲಿ ಲಾಭವಿದೆ. ಅಂಥ ಕಥೆಯಲ್ಲಿ ಶಿಕ್ಷೆ ಮುಂದಕ್ಕೆ ಹೋಗುತ್ತಲೇ ಇರುವುದರಿಂದ ನೋಡುಗರ ಪಾಲಿಗೆ ಉಳಿಯುವುದು ಯಜಮಾನನ ಮಾತಿನ ಸೊಗಸು ಮಾತ್ರ. ಜನ ಅವನನ್ನು ಪ್ರೀತಿಸಿದ್ದರಲ್ಲಿ ಅವರ ಅಭಿರುಚಿಯ ದೋಷ ಹುಡುಕುವ ಮೊದಲು ಈ ಕಟ್ಟಡದ ಪಾಯವನ್ನು ನೋಡಬೇಕು. ಮಾರಿಮುತ್ತು ಅವರ ನಂತರ ಆ ಸೋಫಾದಲ್ಲಿ ಕುಳಿತವರು ತಮಿಳಿನ ಕತೆಗಾರ, ‘ಕುಟ್ರಪ್ಪರಂಪರೈ’ ಕಾದಂಬರಿಯ ವೇಲ ರಾಮಮೂರ್ತಿ. 2024ರ ಜೂನ್‌ನಲ್ಲಿ ಮುಗಿದ ಕಥೆ ಅದೇ ಡಿಸೆಂಬರ್‌ನಲ್ಲಿ ‘ಎದಿರ್‌ನೀಚ್ಚಲ್ ತೊಡರ್‌ಗಿರದು’ ಎಂದು ಎರಡನೇ ಭಾಗವಾಗಿ ಮತ್ತೆ ಶುರುವಾಯಿತು. ಅದೇ ಯಜಮಾನ, ಅದೇ ಸೊಸೆಯಂದಿರು.

ಮಹಿಳೆಯರು ಬರೆದ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಕನ್ನಡದ ವಿಮರ್ಶೆ ಮೂಗು ಮುರಿದ ಕಾಲವೊಂದಿತ್ತು. ವಾರಪತ್ರಿಕೆಗಳಲ್ಲಿ ಕಂತುಕಂತಾಗಿ ಬಂದ ಅಂಥ ಎಷ್ಟೋ ಬರಹಗಳಲ್ಲಿ ಏನಿತ್ತೆಂದು ಕಣ್ಣು ತೆರೆದು ಓದಲು ನಮಗೆ ಎರಡು ತಲೆಮಾರು ಹಿಡಿಯಿತು. ಪತ್ರಿಕೆಯ ಕಂತುಗಳ ನೇರ ವಾರಸುದಾರ ಈ ಟಿವಿಯ ಕಂತು. ‘ಕೋಲಂಗಳ್’ ಮತ್ತು ‘ದೈವಮಗಳ್’ ನಿರ್ಮಿಸಿದ್ದು ‘ಆನಂದ ವಿಕಟನ್’ ಪತ್ರಿಕೆಯ ಬಳಗವೇ ಎನ್ನುವುದು ಆಕಸ್ಮಿಕವಲ್ಲ. ಹೊಗಳುವುದಕ್ಕಾಗಲೀ ತೆಗಳುವುದಕ್ಕಾಗಲೀ ಮೊದಲು ನೋಡಬೇಕು. ಪಾತ್ರ, ಸಂಭಾಷಣೆ, ನಡೆ ಎಂದು ಬಿಡಿಸಿ ಓದಬೇಕು. ಒಳ್ಳೆಯ ಧಾರಾವಾಹಿಗೂ ಕೆಟ್ಟದ್ದಕ್ಕೂ ಇರುವ ಅಂತರವನ್ನು ಹೇಳುವವರೇ ಇಲ್ಲದಿದ್ದರೆ ಟಿಆರ್‌ಪಿಯೊಂದೇ ವಿಮರ್ಶಕನಾಗಿ ಉಳಿಯುತ್ತದೆ.

ಆದ್ದರಿಂದ ಮುಂದಿನ ಸಂಚಿಕೆಗಳಲ್ಲಿ ಧಾರಾವಾಹಿ ವಿಮರ್ಶೆಗೂ ಕೆಲವು ಪುಟ ಮೀಸಲಿಡುತ್ತಿದ್ದೇವೆ. ಕನ್ನಡದ್ದಾಗಲಿ, ತಮಿಳಿನದ್ದಾಗಲಿ, ಕೊಂಚಕಾಲ ಬಿಡದೆ ನೋಡಿದವರು ಬರೆಯಲಿ. ಅಮ್ಮಂದಿರು, ಅಜ್ಜಿಯರು ಬರೆದರೆ ಇನ್ನೂ ಸಂತೋಷ: ಈ ಪ್ರಕಾರದ ನಿಜವಾದ ಪಂಡಿತರು ಅವರೇ. ಒಂದೇ ಷರತ್ತು, ಕಥಾಸಾರ ಬೇಡ. ಆ ಮನೆಯ ಪತ್ರ ಯಾರ ಹೆಸರಿನಲ್ಲಿದೆ, ಅದಕ್ಕೆ ಸಹಿ ಹಾಕಿದವರು ಯಾರು, ಹಾಕಲೊಲ್ಲೆ ಎಂದವಳನ್ನು ಕಥೆ ಹೇಗೆ ನಡೆಸಿಕೊಂಡಿತು ಎನ್ನುವಲ್ಲಿಂದ ಶುರುಮಾಡಿ.