ಸರ್ಟಿಫಿಕೇಟ್ ಸಂಬಳ ಅಲ್ಲ

1/5
“ಎನ್‌ಜಿಒಗೆ ಬರೆಯೋರು ಬೇಕು. ಆರು ತಿಂಗಳು. ಸಂಬಳ ಇಲ್ಲ, ಸರ್ಟಿಫಿಕೇಟ್ ಇದೆ.” ಇಂಥ ಪೋಸ್ಟರ್ ಕ್ಲಾಸ್ ಗ್ರೂಪಿಗೆ ಬಿದ್ದ ತಕ್ಷಣ ನೀವೆಲ್ಲ ಸಾಲಾಗಿ “ಇಂಟರೆಸ್ಟೆಡ್” ಅಂತ ಹಾಕ್ತೀರಲ್ಲ, ಒಂದು ಪ್ರಶ್ನೆ. ಅದೇ ಸಂಸ್ಥೆಯ ಲೆಕ್ಕ ನೋಡೋ ಆಡಿಟರ್ ಸರ್ಟಿಫಿಕೇಟ್ ತಗೊಂಡು ಸುಮ್ಮನಾಗ್ತಾರಾ? ವರದಿ ಪ್ರಿಂಟ್ ಮಾಡೋ ಪ್ರೆಸ್‌ನವರು? ಇಲ್ಲ. ಹಾಗಿದ್ರೆ ಆ ವರದಿ ಬರೆದವರು ಮಾತ್ರ ಯಾಕೆ ಪುಕ್ಕಟೆ?

2/5
“ಸೇವೆ ಅಲ್ವಾ, ದುಡ್ಡು ಕೇಳಬಾರದು” ಅಂತೀರಿ. ಕೆಲಸ ಏನು ಅಂತ ಮೊದಲು ನೋಡಿ. ದಾನಿಗಳಿಗೆ ಪ್ರಸ್ತಾವನೆ, ವಾರ್ಷಿಕ ವರದಿ, ಹಳ್ಳಿಗೆ ಹೋಗಿ ಜನರ ಜೊತೆ ಮಾತಾಡಿ ಬರೆಯೋ ಲೇಖನ, ಅಂಗನವಾಡಿ ಗೋಡೆಯ ಪೋಸ್ಟರ್, ಪಂಚಾಯಿತಿಗೆ ಮನವಿ. ಪ್ರಸ್ತಾವನೆ ಸರಿ ಇಲ್ಲ ಅಂದ್ರೆ ದುಡ್ಡೇ ಬರಲ್ಲ. ಪೋಸ್ಟರ್ ಅರ್ಥ ಆಗಲಿಲ್ಲ ಅಂದ್ರೆ ಲಸಿಕೆ ಹಾಕ್ಸೋಕೆ ತಾಯಂದಿರೇ ಬರಲ್ಲ. ಇದು ಬಿಡುವಿದ್ದಾಗ ಮಾಡೋ ಹವ್ಯಾಸ ಅಲ್ಲ, ಸಂಸ್ಥೆಯ ಅರ್ಧ ಜೀವ.

3/5
ಕಂಪನಿ ಕಾಯ್ದೆ 2013, ಸೆಕ್ಷನ್ 135. ಪರೀಕ್ಷೆಗೆ ಉರು ಹೊಡೆದಿದ್ದೀರಿ. ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ 2% ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಆ ಹಣ ಪಡೆದ ಸಂಸ್ಥೆ ಪ್ರತಿ ಹಂತದಲ್ಲೂ ವರದಿ ಕೊಡಬೇಕು. ಅದನ್ನ ಯಾರೋ ಒಬ್ರು ಕೂತು ಬರೀಲೇಬೇಕು.

“ನಮ್ಮ ಹತ್ರ ದುಡ್ಡಿಲ್ಲ” ಅನ್ನೋ ಸಂಸ್ಥೆಗಳ ಮಾತಲ್ಲೂ ಸತ್ಯ ಇದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನ 2020ರ ಎಫ್‌ಸಿಆರ್‌ಎ ತಿದ್ದುಪಡಿ 50%ರಿಂದ 20%ಕ್ಕೆ ಇಳಿಸಿತು. ವರದಿ ಬರೆದು ಸಲ್ಲಿಸೋ ಖರ್ಚೂ ನಿಯಮದ ಪ್ರಕಾರ ಆ ಲೆಕ್ಕಕ್ಕೇ ಸೇರುತ್ತೆ. ಹಾಗಾಗಿ ನನ್ನ ಜಗಳ ಸಂಸ್ಥೆಗಳ ಜೊತೆ ಮಾತ್ರ ಅಲ್ಲ. ಹೊಳೆಯೋ ವರದಿ ಬೇಕು, ಬರೆಯೋ ಖರ್ಚು ಬೇಡ ಅನ್ನೋ ದಾನಿಗಳ ಜೊತೆನೂ ಇದೆ. ಆದ್ರೆ ಅವರಿಬ್ಬರ ಇಕ್ಕಟ್ಟಿನ ಬಿಲ್ ನಮ್ಮ ಹೆಗಲಿಗೆ ಯಾಕೆ?

4/5
ಈಗ ದೊಡ್ಡ ವಿಷಯ. ಪುಕ್ಕಟೆ ಆರು ತಿಂಗಳು ಬೆಂಗಳೂರಲ್ಲಿ ಇರೋಕೆ ಯಾರಿಗೆ ಆಗುತ್ತೆ? ಮನೆಯಿಂದ ಪಿಜಿ ಬಾಡಿಗೆ ಬರೋರಿಗೆ. ಯಾರ ಊರಿನ ಬಗ್ಗೆ ಬರೀತಾರೋ ಆ ಊರಿನ ಹುಡುಗ ಹುಡುಗಿಯರು ಬಾಗಿಲಲ್ಲೇ ಉಳೀತಾರೆ. ಆಮೇಲೆ ವರದಿ ಇಂಗ್ಲಿಷಲ್ಲಿ ಬರುತ್ತೆ. ಮುಖಪುಟದಲ್ಲಿ ಸ್ತ್ರೀಶಕ್ತಿ ಸಂಘದ ಅಕ್ಕನ ಫೋಟೋ, ಒಳಗೆ ಅವರ ಬಗ್ಗೆ ಅವರೇ ಓದಲಾಗದ ಎರಡು ಪುಟ. “ಅಸಹಾಯಕ” ಅಂತ ಬರೆದಿದ್ದಾರೆ ಅಂತ ಆ ಅಕ್ಕನಿಗೆ ಗೊತ್ತಾದ್ರೆ ಸುಮ್ಮನಿರ್ತಾರಾ?

ಬೇರೆ ದಾರಿ ಇದೆ. ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ‘ಪರಿ’ ಹಳ್ಳಿ ಜನರ ಬದುಕಿನ ವರದಿಗಳನ್ನ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಕೊಡುತ್ತೆ. ಆ ಊರಿನವರೇ ಓದಿ “ಇದು ತಪ್ಪು” ಅನ್ನೋ ಹಾಗಿರಬೇಕು ಬರಹ.

5/5
“ಬಿಕಾಂ ಮಾಡಿ ಇದೆಲ್ಲ ಯಾಕೆ, ಬ್ಯಾಂಕ್ ಎಕ್ಸಾಂ ಬರಿ” ಅನ್ನೋರಿಗೆ: ವಾರ್ಷಿಕ ವರದಿಯ ಹಿಂದಿನ ಪುಟಗಳು ಬ್ಯಾಲೆನ್ಸ್ ಶೀಟ್ ಕಣ್ರೋ. ಅದನ್ನ ಓದೋಕೆ ಬರೋ, ಕನ್ನಡದಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆಯೋ ಜನ ಬೇಕು. ಅದು ನಾವೇ ಆಗಬಹುದು.

ಸೇರೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ತಿಂಗಳಿಗೆ ಎಷ್ಟು? ಬರಹದಲ್ಲಿ ನನ್ನ ಹೆಸರಿರುತ್ತಾ? ಯಾರ ಬಗ್ಗೆ ಬರೀತೀನೋ ಅವರಿಗೆ ಓದಿ ಹೇಳಿ ಒಪ್ಪಿಗೆ ತಗೋತೀರಾ? ಮಕ್ಕಳ ಹೆಸರು, ಫೋಟೋ ಏನು ಮಾಡ್ತೀರಿ? ಕೊನೆಯದು ಸೌಜನ್ಯದ ಮಾತಲ್ಲ. ರಕ್ಷಣೆ ಬೇಕಾದ ಮಕ್ಕಳ ಗುರುತು ಪ್ರಕಟಿಸೋದನ್ನ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ನಿಷೇಧಿಸುತ್ತೆ.

ಭಾನುವಾರ ಕೆರೆ ಕ್ಲೀನ್ ಮಾಡೋಕೆ ಕರೀರಿ, ಪುಕ್ಕಟೆ ಬರ್ತೀನಿ. ಅದು ಸೇವೆ. ದಿನಕ್ಕೆ ಎಂಟು ಗಂಟೆ, ಡೆಡ್‌ಲೈನ್ ಇಟ್ಟು ಬರೆಸಿಕೊಂಡ್ರೆ ಅದು ನೌಕರಿ. ಒಪ್ಪದೆ ಇರೋರು ಕಾಮೆಂಟಲ್ಲಿ ಬನ್ನಿ, ಲೆಕ್ಕ ಇಟ್ಕೊಂಡು ಬನ್ನಿ.

#ಬರವಣಿಗೆಯೂಕೆಲಸ #ಬಿಕಾಂಬಳಗ