ಮನೆಯ ವಿಜ್ಞಾನ: ಹಳೆಯ ಕಂಪ್ಯೂಟರಿಗೆ ಹೊಸ ರ‍್ಯಾಮ್



ರಿಯಾದಿನ ನಮ್ಮ ಮನೆಯ 2010ರ ಕಂಪ್ಯೂಟರಿಗೆ ಮೊನ್ನೆ ಎರಡು ಹೊಸ ರ‍್ಯಾಮ್ ಪಟ್ಟಿಗಳನ್ನು ಹಾಕಿದೆವು. ಪರದೆ ಕಪ್ಪಾಯಿತು, ಬೀಪ್ ಬೀಪ್ ಸದ್ದು ಮಾತ್ರ ಉಳಿಯಿತು. ತೀರಿಕೊಂಡ ಅಮ್ಮನ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಇಂಥ ಹೊತ್ತಿನಲ್ಲಿ ಗಾಬರಿ ಬೇಡ. ಫೋಟೋ ಇರುವುದು ಹಾರ್ಡ್ ಡಿಸ್ಕಿನಲ್ಲಿ. ರ‍್ಯಾಮ್ ಎಂಬುದು ಕರೆಂಟು ಹೋದರೆ ಅಳಿಸಿಹೋಗುವ ಸ್ಲೇಟು, ಅಷ್ಟೆ.

ಮೊದಲು ಪಟ್ಟಿಯ ಬಗೆ ನೋಡಿ. ಡಿಡಿಆರ್-2, ಡಿಡಿಆರ್-3 ಎರಡಕ್ಕೂ 240 ಪಿನ್ನುಗಳೇ. ಆದರೆ ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5. ಕಚ್ಚಿನ ಜಾಗವೂ ಬೇರೆ, ಬಲವಂತವಾಗಿ ತುರುಕಬೇಡಿ. ಬಳಿಕ ಒಂದೊಂದೇ ಪಟ್ಟಿಯನ್ನು ಒಂದೊಂದೇ ಸ್ಲಾಟಿನಲ್ಲಿ ಪರೀಕ್ಷಿಸಿ. ನಮ್ಮ ಪಟ್ಟಿಗಳು ಸರಿಯಾಗಿಯೇ ಇದ್ದವು; ಒಂದು ಸ್ಲಾಟಿನಲ್ಲಿ ಮರಳುಧೂಳು ಕೂತಿತ್ತು. ಮೆತ್ತನೆಯ ಬ್ರಷ್ಷಿನಿಂದ ತೆಗೆದೆವು.

ಇಲ್ಲಿನ ಒಣಹವೆಯಲ್ಲಿ ಕಾರಿನ ಬಾಗಿಲು ಮುಟ್ಟಿದರೆ ಚುರ್ರೆನ್ನುವುದು ನಿಮಗೆ ಗೊತ್ತೇ ಇದೆ. ಅದೇ ಕಿಡಿ ಚಿಪ್ಪನ್ನು ಕೆಡಿಸಬಲ್ಲದು. ಪ್ಲಗ್ ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿಯೇ ಕೈಹಾಕಿ. ಜಮಖಾನದ ಮೇಲೆ ಕೂತು ಈ ಕೆಲಸ ಬೇಡ.

ಅಮ್ಮನ ಫೋಟೋಗಳಿಗೆ ಈಗ ಇನ್ನೊಂದು ಪ್ರತಿ ಮಾಡಿಟ್ಟಿದ್ದೇವೆ. ನೀವು ಪೆಟ್ಟಿಗೆ ಬಿಚ್ಚುವ ಮೊದಲೇ ಮಾಡಿಟ್ಟುಕೊಳ್ಳಿ.