ತರಬೇತಿಯಲ್ಲಿ ಸಂಘವೂ ಪಾಲುದಾರನಾಗಲಿ

ಕಾರ್ಮಿಕರಿಗೆ ತರಬೇತಿ ನೀಡಿದರೆ ಅವರ ಸಂಘವು ಬಲಗೊಳ್ಳುವುದೆಂಬ ಅಳುಕು ನಮ್ಮ ಉದ್ಯಮಿಗಳಲ್ಲಿ ಇಲ್ಲದಿಲ್ಲ. ಬಲಗೊಳ್ಳುವುದು ನಿಜ, ಆದರೆ ಅದರಿಂದ ನಮಗೂ ಹಿತವೇ ಉಂಟು.

ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಲ್ಲಿ ನೇಯ್ದ ಸೀರೆಯ ಲೆಕ್ಕದಲ್ಲಿ ಮಜೂರಿ ಸಲ್ಲುತ್ತದೆ. ಮಗ್ಗ ಬಿಟ್ಟು ಕಲಿಯಲು ಕುಳಿತ ದಿನ ನೇಕಾರನಿಗೆ ಗಳಿಕೆಯಿಲ್ಲ. ಆ ದಿನದ ಮಜೂರಿಯನ್ನು ಸಂಘದೊಡನೆ ಕುಳಿತು ನಿರ್ಧರಿಸಿದರೆ ಮಾತ್ರ ತರಬೇತಿ ಫಲಿಸೀತು. ನೂಲಿನ ದರ, ಬಟ್ಟೆಯ ದೋಷಗಳ ಲೆಕ್ಕ ಬಲ್ಲ ಸಂಘವು ಮಗ್ಗ ನಿಲ್ಲಿಸುವ ಮೊದಲು ಮಾತುಕತೆಗೆ ಬರುತ್ತದೆ.

1920ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಮಜೂರ್ ಮಹಾಜನವು ಕಾರ್ಮಿಕರ ಶಿಕ್ಷಣವನ್ನೂ ಸಂಧಾನವನ್ನೂ ಜೊತೆಯಾಗಿಯೇ ನಡೆಸಿತು. ಜಮಖಂಡಿ, ಮುಧೋಳ, ಬೀಳಗಿಯ ಸಕ್ಕರೆ ಕಾರ್ಖಾನೆಗಳಲ್ಲಿಯೂ ಬಾಯ್ಲರ್ ಸುರಕ್ಷತೆಯ ತರಬೇತಿಯಿಂದ ಇದನ್ನು ಆರಂಭಿಸಬಹುದು.

ತರಬೇತಿಯ ವಿಷಯ, ವೇಳೆ, ಮಜೂರಿ ಈ ಮೂರನ್ನೂ ಉಭಯತರೂ ಕೂಡಿ ನಿಶ್ಚಯಿಸುವುದು ಲೇಸು.